ಕಲಿಕಾ ತಂತ್ರಾಂಶಕ್ಕೆ ವಿದ್ಯಾರ್ಥಿಯ ಮಾದರಿ ಕಟ್ಟುವ ಬಗೆ

ವಿದ್ಯಾರ್ಥಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಅವನ ಮನಸ್ಸು ಹೇಗಿದೆ ಎಂಬುದರ ಬಗ್ಗೆ ತಂತ್ರಾಂಶ ಇಟ್ಟುಕೊಳ್ಳುವ ಅಂದಾಜೇ ವಿದ್ಯಾರ್ಥಿಯ ಮಾದರಿ. ಉದಾಹರಣೆಗೆ ಭಿನ್ನರಾಶಿಗಳ ಸಂಕಲನವನ್ನೇ ತೆಗೆದುಕೊಳ್ಳೋಣ. 1/2 + 1/3 = 2/5 ಎಂದು ಬರೆದ ವಿದ್ಯಾರ್ಥಿಗೆ ಕೂಡಲು ಬರುತ್ತದೆ, ಛೇದಗಳನ್ನು ಸಮ ಮಾಡಿಕೊಳ್ಳಬೇಕೆಂಬುದು ತಿಳಿದಿಲ್ಲ. ಆದ್ದರಿಂದ ಪಾಠವನ್ನು ಮೊದಲು ಬಿಡಿ ಕೌಶಲಗಳಾಗಿ ಒಡೆಯಬೇಕು: ಲ.ಸಾ.ಅ. ಕಂಡುಹಿಡಿಯುವುದು, ಸಮಾನ ಭಿನ್ನರಾಶಿಗೆ ಬದಲಿಸುವುದು, ಅಂಶಗಳನ್ನು ಕೂಡುವುದು. ಪ್ರತಿ ಹೆಜ್ಜೆಗೂ ಪ್ರತ್ಯೇಕ ಉತ್ತರ ಪಡೆಯಿರಿ. ಈ ಕೆಲಸಕ್ಕೆ ಪ್ರೋಗ್ರಾಮರ್‌ಗಿಂತ ಆ ಪಾಠವನ್ನು ಹತ್ತಾರು ಸಲ ಮಾಡಿದ ಮೇಷ್ಟರೇ ಹೆಚ್ಚು ಬೇಕು.

ಮುಂದಿನದು, ಪ್ರತಿ ಕೌಶಲವೂ ವಿದ್ಯಾರ್ಥಿಗೆ ತಿಳಿದಿರುವ ಸಂಭವವನ್ನು ಅವನ ಉತ್ತರಗಳಿಂದ ಅಂದಾಜಿಸುವ ಲೆಕ್ಕ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ 1990ರ ದಶಕದಲ್ಲಿ ರೂಪಿಸಿದ ಬೇಯೀಸಿಯನ್ ನಾಲೆಡ್ಜ್ ಟ್ರೇಸಿಂಗ್ ವಿಧಾನಕ್ಕೆ ಒಂದೊಂದು ಕೌಶಲಕ್ಕೂ ನಾಲ್ಕೇ ಸಂಖ್ಯೆಗಳು ಸಾಕು: ಮೊದಲೇ ತಿಳಿದಿರುವ ಸಂಭವ, ಒಂದು ಅಭ್ಯಾಸದಲ್ಲಿ ಕಲಿಯುವ ಸಂಭವ, ತಿಳಿಯದೆಯೂ ಊಹಿಸಿ ಸರಿ ಬರೆಯುವ ಸಂಭವ, ತಿಳಿದೂ ಕೈತಪ್ಪುವ ಸಂಭವ. ಇವನ್ನು ಕ್ರಮವಾಗಿ 0.30, 0.15, 0.20, 0.10 ಎಂದಿಟ್ಟುಕೊಳ್ಳಿ. ಉತ್ತರ ಸರಿಯಾದರೆ, ತಿಳಿದು ಬರೆದಿರುವ ಪಾಲು 0.30 × 0.90 = 0.27, ಊಹಿಸಿ ಬರೆದಿರುವ ಪಾಲು 0.70 × 0.20 = 0.14. ಮೊದಲನೆಯದನ್ನು ಒಟ್ಟು 0.41ರಿಂದ ಭಾಗಿಸಿದರೆ ಸುಮಾರು 0.66. ಉಳಿದ 0.34ರಲ್ಲಿ ಶೇ. 15ರಷ್ಟನ್ನು ಕಲಿಕೆಯ ಲೆಕ್ಕಕ್ಕೆ ಸೇರಿಸಿದರೆ 0.71 ಆಗುತ್ತದೆ. ಮುಂದಿನ ಉತ್ತರ ತಪ್ಪಾದರೆ ಇದೇ ಸಂಖ್ಯೆ, ಕಲಿಕೆಯ ಪಾಲನ್ನು ಸೇರಿಸಿದ ಮೇಲೂ, 0.35ಕ್ಕೆ ಇಳಿಯುತ್ತದೆ. 0.95 ದಾಟಿದಾಗ ಕೌಶಲ ಕೈಗೂಡಿತೆಂದು ಭಾವಿಸುವುದು ರೂಢಿ. ಎಕ್ಸೆಲ್ ಹಾಳೆಯೊಂದರಲ್ಲಿ ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. 2015ರಲ್ಲಿ ಬಂದ ಡೀಪ್ ನಾಲೆಡ್ಜ್ ಟ್ರೇಸಿಂಗ್ ಇದೇ ಕೆಲಸಕ್ಕೆ ನರಜಾಲವನ್ನು, ಅಂದರೆ ದತ್ತಾಂಶದಿಂದ ತಾನೇ ಕಲಿಯುವ ಕಂಪ್ಯೂಟರ್ ಮಾದರಿಯನ್ನು, ಬಳಸುತ್ತದೆ, ಆದರೆ ಅದು ಕೊಟ್ಟ ಅಂದಾಜಿನ ಕಾರಣವನ್ನು ಶಿಕ್ಷಕರಿಗೆ ವಿವರಿಸುವುದು ಕಷ್ಟ. ಆರಂಭಕ್ಕೆ ಹಳೆಯ ವಿಧಾನವೇ ಲೇಸೆಂದು ನನ್ನ ಅಭಿಪ್ರಾಯ.

ಭಾವನೆಯ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಕೋಪ, ದುಃಖಗಳಿಗಿಂತ ಇಲ್ಲಿ ಮುಖ್ಯವಾದವು ತಲ್ಲೀನತೆ, ಗೊಂದಲ, ಹತಾಶೆ ಮತ್ತು ಬೇಸರ. ಮೆಂಫಿಸ್ ವಿಶ್ವವಿದ್ಯಾಲಯದ ಆಟೋಟ್ಯೂಟರ್ ಎಂಬ, ಸಂಭಾಷಣೆಯ ಮೂಲಕ ಕಲಿಸುವ ತಂತ್ರಾಂಶದ ಸುತ್ತ ನಡೆದ ಅಧ್ಯಯನಗಳಿಂದ ತಿಳಿದುಬಂದಂತೆ, ಗೊಂದಲವೆಂಬುದು ತಾನಾಗಿ ಕೆಟ್ಟದ್ದಲ್ಲ. ಅದು ಬಗೆಹರಿದರೆ ಕಲಿಕೆ ಗಟ್ಟಿಯಾಗುತ್ತದೆ, ಬಗೆಹರಿಯದೆ ಉಳಿದರೆ ಹತಾಶೆಗೂ ಅಲ್ಲಿಂದ ಬೇಸರಕ್ಕೂ ತಿರುಗುತ್ತದೆ. ಆದ್ದರಿಂದ ಮಗು ತಡವರಿಸಿದ ಕೂಡಲೇ ಉತ್ತರ ಒದಗಿಸುವ ತಂತ್ರಾಂಶ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು.

ಇವನ್ನು ಗುರುತಿಸಲು ಕ್ಯಾಮೆರಾ ಬೇಡ. ಉತ್ತರಕ್ಕೆ ಹಿಡಿದ ಸಮಯ, ಸುಳಿವು ಕೇಳಿದ ಸಲ, ಒಂದೇ ತಪ್ಪಿನ ಪುನರಾವರ್ತನೆ, ಇವೆಲ್ಲ ತಂತ್ರಾಂಶದ ದಾಖಲೆಯಲ್ಲೇ ಇರುತ್ತವೆ. ಒಂದೆರಡು ಸೆಕೆಂಡಿನ ಅಂತರದಲ್ಲಿ ಸುಳಿವಿನ ಗುಂಡಿಯನ್ನು ಕೊನೆಯವರೆಗೆ ಒತ್ತಿ, ಅಲ್ಲಿ ಸಿಕ್ಕ ಉತ್ತರವನ್ನು ಇಳಿಸಿಕೊಂಡವನು ಓದುತ್ತಿಲ್ಲ, ತಂತ್ರಾಂಶಕ್ಕೇ ಚಳ್ಳೆಹಣ್ಣು ತಿನ್ನಿಸುತ್ತಿದ್ದಾನೆ. ಅಂಥ ಉತ್ತರವನ್ನು ಕೌಶಲದ ಲೆಕ್ಕಕ್ಕೆ ಸರಿಯೆಂದು ಸೇರಿಸಬೇಡಿ. ಈ ಗುರುತುಗಳು ನಂಬಲರ್ಹವೇ ಎಂದು ಪರೀಕ್ಷಿಸಲು, ತರಬೇತಾದ ವೀಕ್ಷಕರು ತರಗತಿಯಲ್ಲಿ ಕುಳಿತು, ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಗರಿಷ್ಠ 20 ಸೆಕೆಂಡು ಓರೆಗಣ್ಣಿನಿಂದ ಗಮನಿಸಿ ಬರೆದುಕೊಂಡದ್ದನ್ನು ದಾಖಲೆಯೊಂದಿಗೆ ಹೋಲಿಸುವ ಪದ್ಧತಿಯಿದೆ. ಮುಖಚರ್ಯೆಯಂಥ ಜೈವಿಕ ದತ್ತಾಂಶದಿಂದ ಶಾಲೆಗಳಲ್ಲಿ ಭಾವನೆ ಊಹಿಸುವುದನ್ನು ಯುರೋಪಿಯನ್ ಒಕ್ಕೂಟವು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ.

ಹತಾಶೆಯ ಗುರುತು ಕಂಡಾಗ "ನಿನಗೆ ಬೇಸರವಾಗಿದೆಯೇ" ಎಂಬ ಸಂದೇಶ ತೋರಿಸಬೇಡಿ, ಅಂದಾಜು ತಪ್ಪಾಗಿದ್ದರೆ ಮಗುವಿಗೆ ನಗು ಬಂದೀತು. ಸಂಭವ ತೀರಾ ಕಡಿಮೆಯಿರುವ ಕೌಶಲಕ್ಕೆ ಹಿಂತಿರುಗಿ, ಬಿಡಿಸಿದ ಒಂದು ಲೆಕ್ಕವನ್ನು ತೋರಿಸಿ, ಕೊನೆಯ ಹೆಜ್ಜೆಯನ್ನು ಮಾತ್ರ ಅವನಿಗೆ ಬಿಡಿ.