ಡ್ರೋನ್ ದಾಳಿಗೆ ಯಾವ ಜಡ್ಜ್ ಆರ್ಡರ್ ಕೊಡ್ತಾರೆ? ಅಮೆರಿಕದಲ್ಲಿರುವ ನಮ್ಮ ಕಡೆಯವರಿಗೆ

ಹೋದ ಸಲ ಜಮಖಂಡಿ ಹತ್ತಿರದ ನಮ್ಮೂರಿಗೆ ಹೋದಾಗ ಕಾಕಾ ಕಬ್ಬಿಗೆ ಔಷಧ ಹೊಡೆಸಲು ಡ್ರೋನ್ ಬಾಡಿಗೆಗೆ ತರಿಸಿದ್ದರು. ಹುಡುಗನೊಬ್ಬ ಬದುವಿನ ಮೇಲೆ ನಿಂತು ರಿಮೋಟ್ ಒತ್ತುತ್ತಿದ್ದ, ಅದು ಗುಂಯ್ ಅಂತ ಹೊಲದ ಮೇಲೆ ಸುತ್ತುತ್ತಿತ್ತು. ಅದನ್ನೇ ನೋಡುತ್ತ ಕಾಕಾ ಕೇಳಿದರು: "ತಮ್ಮಾ, ನೀ ಇರೋ ದೇಶದವ್ರು ಇಂಥಾದ್ರಿಂದನ ಬ್ಯಾರೆ ದೇಶದಾಗಿನ ಮಂದೀನ ಕೊಲ್ತಾರಂತಲ್ಲ, ಅದಕ್ಕ ಯಾವ ಜಡ್ಜ್ ಆರ್ಡರ್ ಕೊಡ್ತಾನ?"

ಹನ್ನೊಂದು ವರ್ಷದಿಂದ ಇಲ್ಲಿ ಟ್ಯಾಕ್ಸ್ ಕಟ್ಟುತ್ತಿದ್ದೇನೆ, ನನಗೆ ಉತ್ತರ ಗೊತ್ತಿರಲಿಲ್ಲ. ವಾಪಸ್ ಬಂದು ಓದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಬಂದು ಇಲ್ಲಿ ನೆಲೆಸಿದವರು ವೀಸಾ, ಗ್ರೀನ್ ಕಾರ್ಡ್, ಮನೆ ಸಾಲದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ನಮ್ಮ ದುಡ್ಡಿನಲ್ಲೇ ನಡೆಯುವ ಈ ಕೆಲಸವೂ ನಮಗೆ ಗೊತ್ತಿರಬೇಕು ಅಲ್ವಾ?

ಕಾಕಾನ ಪ್ರಶ್ನೆಗೆ ಉತ್ತರ: ಯಾವ ಜಡ್ಜೂ ಇಲ್ಲ.

ಇರುವುದು ಒಂದು ಠರಾವು. 2001ರ ಸೆಪ್ಟೆಂಬರ್ 11ರ ದಾಳಿ ಆಗಿ ಮೂರೇ ದಿನಕ್ಕೆ ಇಲ್ಲಿನ ಸಂಸತ್ತು, ಅಂದ್ರೆ ಕಾಂಗ್ರೆಸ್, ಅದನ್ನು ಪಾಸು ಮಾಡಿತು. ದಾಳಿ ಮಾಡಿದವರ ಮೇಲೆ, ಅವರಿಗೆ ಆಸರೆ ಕೊಟ್ಟವರ ಮೇಲೆ ಅಧ್ಯಕ್ಷರು ಸೇನೆ ಬಳಸಬಹುದು ಅನ್ನುವುದು ಅದರ ತಿರುಳು. ಯಾವ ದೇಶದಲ್ಲಿ ಅಂತ ಇಲ್ಲ, ಎಷ್ಟು ವರ್ಷ ಅಂತಲೂ ಇಲ್ಲ. ಕೆಳಮನೆಯಲ್ಲಿ 420 ಮಂದಿ ಹೂಂ ಅಂದರು, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ ಬೇಡ ಅಂದರು. ಮರುವರ್ಷ ನವೆಂಬರ್‌ನಲ್ಲೇ ಯೆಮೆನ್‌ನ ಮರುಭೂಮಿಯಲ್ಲಿ ಹೋಗುತ್ತಿದ್ದ ಒಂದು ಕಾರಿನ ಮೇಲೆ ಇಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಡ್ರೋನ್‌ನಿಂದ ಕ್ಷಿಪಣಿ ಹಾರಿಸಿತು. 2004ರಲ್ಲಿ ಪಾಕಿಸ್ತಾನದ ವಜೀರಿಸ್ತಾನದಲ್ಲೂ ಡ್ರೋನ್ ದಾಳಿ ಶುರುವಾಯಿತು.

ಹತ್ಯೆ ಮಾಡಬಾರದು ಅಂತ ಇಲ್ಲಿ ಆದೇಶ ಇಲ್ಲವೇ ಅಂದ್ರೆ, ಇದೆ. 1976ರಲ್ಲಿ ಅಧ್ಯಕ್ಷ ಫೋರ್ಡ್ ಹೊರಡಿಸಿದ್ದು, 1981ರಲ್ಲಿ ರೇಗನ್ ಮತ್ತೆ ಬರೆದದ್ದು. ಆದರೆ ಸರ್ಕಾರದ ವಾದ ಹೀಗಿದೆ: ಇದು ಯುದ್ಧ, ಯುದ್ಧದಲ್ಲಿ ಶತ್ರುವನ್ನು ಹೊಡೆಯುವುದು ಹತ್ಯೆ ಅಲ್ಲ. ಹೆಸರು ಸೂಚಿಸುವವರು, ಕಾನೂನು ನೋಡುವ ವಕೀಲರು, ಕೊನೆಗೆ ಒಪ್ಪಿಗೆ ಕೊಡುವವರು ಎಲ್ಲರೂ ಅದೇ ಸರ್ಕಾರದವರು. 2013ರಲ್ಲಿ ಒಬಾಮಾ ಒಂದು ನಿಯಮ ತಂದರು, ಯುದ್ಧ ನಡೆಯದ ಜಾಗದಲ್ಲಿ ಸಾಮಾನ್ಯ ಜನ ಸಾಯುವುದಿಲ್ಲ ಅಂತ ಹೆಚ್ಚುಕಡಿಮೆ ಖಾತ್ರಿ ಇದ್ದರೆ ಮಾತ್ರ ಹೊಡೆಯಬೇಕು ಅಂತ. ಟ್ರಂಪ್ 2017ರಲ್ಲಿ ಅದನ್ನು ಸಡಿಲ ಮಾಡಿದರು, ಬೈಡನ್ 2022ರಲ್ಲಿ ಮತ್ತೆ ಬಿಗಿ ಮಾಡಿದರು. ಅಧ್ಯಕ್ಷರು ಬದಲಾದರೆ ನಿಯಮ ಬದಲಾಗುತ್ತದೆ, ಯಾಕಂದ್ರೆ ಅದು ಕಾನೂನಲ್ಲ.

ಕೋರ್ಟಿಗೆ ಹೋದವರಿದ್ದಾರೆ. ಅನ್ವರ್ ಅಲ್ ಅವ್ಲಾಕಿ ನ್ಯೂ ಮೆಕ್ಸಿಕೋದಲ್ಲಿ ಹುಟ್ಟಿದ ಅಮೆರಿಕದ ಪ್ರಜೆ, ಯೆಮೆನ್‌ನಲ್ಲಿ ಅಲ್ ಖೈದಾ ಸೇರಿದ್ದ. ಮಗನನ್ನು ವಿಚಾರಣೆ ಇಲ್ಲದೆ ಕೊಲ್ಲಬೇಡಿ ಅಂತ ಅವನ ಅಪ್ಪ 2010ರಲ್ಲಿ ಕೇಸ್ ಹಾಕಿದರು. ಮಗನ ಪರವಾಗಿ ಕೇಸ್ ಹಾಕುವ ಹಕ್ಕು ಅಪ್ಪನಿಗಿಲ್ಲ, ಇದು ಕೋರ್ಟ್ ತೀರ್ಮಾನಿಸುವ ವಿಷಯವೂ ಅಲ್ಲ ಅಂತ ನ್ಯಾಯಾಧೀಶರು ವಜಾ ಮಾಡಿದರು. 2011ರ ಸೆಪ್ಟೆಂಬರ್ 30ರಂದು ಡ್ರೋನ್ ಅವನನ್ನು ಕೊಂದಿತು. ಎರಡು ವಾರಕ್ಕೆ ಇನ್ನೊಂದು ದಾಳಿಯಲ್ಲಿ ಅವನ 16 ವರ್ಷದ ಮಗ ಸತ್ತ. ಆ ಹುಡುಗನನ್ನು ಗುರಿ ಮಾಡಿರಲಿಲ್ಲ ಅಂತ ಸರ್ಕಾರ ಆಮೇಲೆ ಹೇಳಿತು. ಅವ್ಲಾಕಿ ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ತಪ್ಪು ಮಾಡಿದವನನ್ನೂ ಮೊದಲು ಕಟಕಟೆಯಲ್ಲಿ ನಿಲ್ಲಿಸಬೇಕು ಅಂತ ನಂಬಿಕೊಂಡು ಬೆಳೆದವರು ನಾವು.

ನನ್ನ ನಿದ್ದೆ ಕೆಡಿಸಿದ್ದು ಕಾಬೂಲ್. 2021ರ ಆಗಸ್ಟ್ 29. ಒಂದು ನೆರವು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ವ್ಯಕ್ತಿಯ ಬಿಳಿ ಕೊರೊಲ್ಲಾ ಕಾರನ್ನು ಅಮೆರಿಕದ ಸೇನೆಯವರು ಸುಮಾರು ಎಂಟು ತಾಸು ಡ್ರೋನ್ ಮೂಲಕ ಮೇಲಿನಿಂದ ನೋಡಿದರು. ಕಾರಿಗೆ ಕ್ಯಾನ್ ತುಂಬುವುದು ಕಾಣಿಸಿತು, ಸ್ಫೋಟಕ ಅಂದುಕೊಂಡರು. ಅವು ನೀರಿನ ಕ್ಯಾನ್. ಅವರ ಓಣಿಗೆ ನೀರು ಬರುತ್ತಿರಲಿಲ್ಲ, ಆಫೀಸಿನಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು. ವಿಜಯಪುರದ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕರ್ ಬರದ ದಿನ ನನ್ನ ಸೋದರಮಾವ ಸ್ಕೂಟರಿನ ಮುಂದೆ ಒಂದು, ಹಿಂದೆ ಎರಡು ಕೊಡ ಕಟ್ಟಿಕೊಂಡು ಬರುತ್ತಿದ್ದರು, ಗಾಡಿ ಗೇಟಿನ ಹತ್ತಿರ ಬಂತು ಅಂದ್ರೆ ನಾವು ಹುಡುಗರೆಲ್ಲ ಇಳಿಸಿಕೊಳ್ಳಲು ಓಡುತ್ತಿದ್ದೆವು. ಕಾಬೂಲಿನ ಆ ಮನೆಯ ಅಂಗಳಕ್ಕೆ ಕಾರು ಬಂದಾಗಲೂ ಮಕ್ಕಳು ಓಡಿ ಬಂದಿದ್ದರು. ಕ್ಷಿಪಣಿ ಬಿದ್ದು ಹತ್ತು ಜನ ಸತ್ತರು, ಅದರಲ್ಲಿ ಏಳು ಮಕ್ಕಳು. ಮೊದಲು ಸೇನೆಯವರು ದಾಳಿ ಸರಿಯಾಗಿಯೇ ಇತ್ತು ಅಂದರು. ಪತ್ರಕರ್ತರು ಬೆನ್ನು ಹತ್ತಿದ ಮೇಲೆ ಸೆಪ್ಟೆಂಬರ್ 17ರಂದು ತಪ್ಪಾಯಿತು ಅಂತ ಪೆಂಟಗನ್, ಅಂದ್ರೆ ಸೇನೆಯ ಮುಖ್ಯ ಕಚೇರಿ, ಒಪ್ಪಿಕೊಂಡಿತು. ಯಾರಿಗೂ ಶಿಕ್ಷೆ ಆಗಲಿಲ್ಲ.

ಸರಿ, ನಾವೇನು ಮಾಡಬಹುದು? ಓಟು ನಾಗರಿಕರಿಗೆ ಮಾತ್ರ, ಆದರೆ ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ವೀಸಾ ಮೇಲಿರುವವರೂ ಪತ್ರ ಬರೆಯಬಹುದು. ಮಾಹಿತಿ ಹಕ್ಕಿನ ಅರ್ಜಿಯನ್ನೂ ಯಾರು ಬೇಕಾದರೂ ಹಾಕಬಹುದು. ಸಿಐಎಗೆ ಹಾಕಿದರೆ ಮಾತ್ರ, ಅಂಥ ದಾಖಲೆ ಇದೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ ಅನ್ನುವ ಉತ್ತರ ಬರಬಹುದು. ಸೇನೆಯ ಕಾರ್ಯಾಚರಣೆಗಳಲ್ಲಿ ಸತ್ತ ಸಾಮಾನ್ಯ ಜನರ ಬಗ್ಗೆ ಪೆಂಟಗನ್ ಪ್ರತಿ ವರ್ಷ ಕಾಂಗ್ರೆಸ್‌ಗೆ ವರದಿ ಕೊಡಬೇಕು ಅಂತ 2017ರಲ್ಲಿ ಕಾನೂನು ಆಯಿತು. ಸಿಐಎ ಮಾಡುವುದು ಅದರಲ್ಲಿ ಬರುವುದಿಲ್ಲ.

ನನಗೆ ಜಾಸ್ತಿ ಉಪಯೋಗ ಅನಿಸಿದ್ದು ಫೋನ್. ಪ್ರತಿನಿಧಿಯ ಆಫೀಸಿನಲ್ಲಿ ಮೊದಲು ಜಿಪ್ ಕೋಡ್ ಕೇಳುತ್ತಾರೆ. ಉದ್ದ ಭಾಷಣ ಬೇಡ, ಒಂದೇ ಪ್ರಶ್ನೆ ಕೇಳಿ: 2001ರ ಠರಾವು ರದ್ದು ಮಾಡಲು ನೀವು ಓಟು ಹಾಕುತ್ತೀರಾ? ನಮ್ಮ ಇಂಗ್ಲಿಷ್ ಹೇಗೋ ಏನೋ ಅಂತ ಹಿಂಜರಿಯಬೇಡಿ. ನನ್ನ ಫೋನ್ ಎತ್ತಿದ ಹುಡುಗಿ ಸಮಾಧಾನವಾಗಿ ಬರೆದುಕೊಂಡಳು. ಮೂರು ವಾರಕ್ಕೆ ಪತ್ರ ಬಂತು, ಕಾಕಾಗೆ ಫೋನಿನಲ್ಲಿ ಕನ್ನಡ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀ ಕೇಳಿದ್ದಕ್ಕ ಇದ್ರಾಗ ಉತ್ತರನ ಇಲ್ಲಲ್ಲೋ ತಮ್ಮಾ" ಅಂದರು. ನಿಜವಾಗಿಯೂ ಇರಲಿಲ್ಲ. ಸೋಮವಾರ ಮತ್ತೆ ಫೋನ್ ಮಾಡಿದೆ.