ಬೇಸ್‌ಮೆಂಟ್‌ನಲ್ಲಿ ಸುಟ್ಟ ವಾಸನೆ ಬಂದ ಮೇಲೆ

ಎಲೆಕ್ಟ್ರಿಕ್ ಕಾರು ತಗೊಂಡು ಎರಡು ತಿಂಗಳೂ ಆಗಿರಲಿಲ್ಲ. ಒಂದು ರಾತ್ರಿ ಹನ್ನೊಂದೂವರೆಗೆ ಸೆಕ್ಯುರಿಟಿಯವರು ಇಂಟರ್‌ಕಾಮ್ ಮಾಡಿ, "ಸಾರ್, ನಿಮ್ ಗಾಡಿ ಹತ್ರ ಏನೋ ಸುಟ್ಟ ವಾಸ್ನೆ ಬರ್ತಿದೆ, ಬೇಗ ಬನ್ನಿ" ಅಂದರು. ಲಿಫ್ಟ್‌ಗೂ ಕಾಯದೆ ಬರಿಗಾಲಲ್ಲೇ ಓಡಿದೆ. ಕಾರು ತಣ್ಣಗೆ ನಿಂತಿತ್ತು. ವಾಸನೆ ಬರುತ್ತಿದ್ದದ್ದು ಕಂಬದ ಮೇಲಿದ್ದ ಹದಿನೈದು ಆಂಪ್ಸ್ ಸಾಕೆಟ್‌ನಿಂದ. ಆ ಲೈನಿನ ಸೇಫ್ಟಿ ಸ್ವಿಚ್ಚು, ಅಂದರೆ ಎಂಸಿಬಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಪ್ಲಗ್ ಎಳೆದೆ. ಸುಲಭಕ್ಕೆ ಬರಲಿಲ್ಲ, ಪ್ಲಾಸ್ಟಿಕ್ ಕರಗಿ ಸಾಕೆಟ್‌ಗೆ ಅಂಟಿಕೊಂಡಿತ್ತು. ಮೂರು ಪಿನ್‌ಗಳಲ್ಲಿ ಒಂದು ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಸುತ್ತ ಸೀದ ದೋಸೆಯ ಅಂಚಿನ ಹಾಗೆ ಕಪ್ಪು ಉಂಗುರ.

ಬೆಳಗ್ಗೆ ಏಳುವಷ್ಟರಲ್ಲಿ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಅದು "ಬ್ಯಾಟರಿ ಬೆಂಕಿ" ಆಗಿಹೋಗಿತ್ತು.

ನಮ್ಮದು ಬನಶಂಕರಿ ಕಡೆಯ ಅರವತ್ತು ಮನೆಗಳ ಕಟ್ಟಡ. ಎಲ್ಲರ ಪಾರ್ಕಿಂಗೂ ಬೇಸ್‌ಮೆಂಟ್‌ನಲ್ಲೇ. ಮುಂದಿನ ಭಾನುವಾರವೇ ಮೀಟಿಂಗ್. ಮೂರನೇ ಮಹಡಿಯ ಅಂಕಲ್ ಒಬ್ಬರು ಫೋನಿನಲ್ಲಿ ವಿಡಿಯೋ ತೋರಿಸುತ್ತಾ, "ಇದು ಬಾಂಬ್ ಕಣಪ್ಪಾ, ನಮ್ಮ ತಲೆ ಕೆಳಗೆ ಇಟ್ಕೊಂಡು ಮಲಗ್ಬೇಕಾ?" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. 2024ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಸುಮ್ನೆ ನಿಂತಿದ್ದ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಹತ್ತಿ, ಸುತ್ತಲಿನ ಎಷ್ಟೋ ಕಾರುಗಳು ಹಾಳಾದದ್ದು ನಿಜವೇ. ಅವರು ತೋರಿಸಿದ್ದೂ ಅದೇ ವಿಡಿಯೋ. ಆದರೆ ಅಲ್ಲಿ ಬೆಂಕಿ ಅಷ್ಟು ಹರಡಲು ಒಂದು ಕಾರಣ, ಬೆಂಕಿ ಬಿದ್ದರೆ ಮೇಲಿನಿಂದ ತಾನಾಗಿ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಕೆಲಸ ಮಾಡದೇ ಇದ್ದದ್ದು. ಅಲಾರಂ ಹೊಡೆದಾಗ ಯಾರೋ ಸ್ಪ್ರಿಂಕ್ಲರನ್ನೇ ನಿಲ್ಲಿಸಿಬಿಟ್ಟಿದ್ದರು.

ಇದನ್ನು ಓದಿದ ಮೇಲೆ ನಮ್ಮ ಪಂಪ್ ರೂಮಿಗೆ ಹೋಗಿ ನೋಡಿದೆ. ಫೈರ್ ಪಂಪ್ ಪ್ಯಾನಲ್‌ನ ಸ್ವಿಚ್ ಆಟೋದಲ್ಲಿರಬೇಕು. ನಮ್ಮದು ಆಫ್‌ನಲ್ಲಿತ್ತು! ಯಾಕೆ ಅಂತ ಕೇಳಿದರೆ, ಎಲ್ಲೋ ಪೈಪ್ ಸೋರಿ ಪ್ರೆಷರ್ ಇಳಿದು ಪಂಪು ರಾತ್ರಿ ಹೊತ್ತು ತಾನಾಗಿ ಓಡುತ್ತಿತ್ತಂತೆ, ಗ್ರೌಂಡ್ ಫ್ಲೋರಿನವರು ನಿದ್ದೆ ಬರಲ್ಲ ಅಂದರಂತೆ, ಅದಕ್ಕೆ ಆಫ್ ಮಾಡಿದರಂತೆ. ಎಷ್ಟು ದಿನದಿಂದ ಅಂತ ಯಾರಿಗೂ ನೆನಪಿಲ್ಲ. ಕಾರು ಎಲೆಕ್ಟ್ರಿಕ್ಕೋ ಪೆಟ್ರೋಲೋ, ಆ ಬೇಸ್‌ಮೆಂಟ್‌ನಲ್ಲಿ ಯಾವುದಕ್ಕೆ ಬೆಂಕಿ ಬಿದ್ದಿದ್ದರೂ ನಮ್ಮ ಗತಿ ಅಷ್ಟೇ ಇತ್ತು. ಸೋರುತ್ತಿದ್ದ ವಾಲ್ವ್ ಬದಲಿಸಿ ಸ್ವಿಚ್ಚನ್ನು ಆಟೋಗೆ ಹಾಕಿದ್ದು ಈ ಇಡೀ ಗಲಾಟೆಯಲ್ಲಿ ಆದ ಒಳ್ಳೇ ಕೆಲಸ ಅಂತ ನನ್ನ ಲೆಕ್ಕ.

ಇನ್ನು ಸಾಕೆಟ್ ಕಥೆ. ತಪ್ಪು ನನ್ನದೇ. ಕಾರಿನ ಜೊತೆ ಬರುವ ಚಾರ್ಜರ್ ಸುಮಾರು 14 ಆಂಪ್ಸ್ ಎಳೆಯುತ್ತದೆ. ಗೀಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ತಾನೆ ಅಂದುಕೊಂಡಿದ್ದೆ. ಆದರೆ ಗೀಸರ್ ಹದಿನೈದು ನಿಮಿಷ ಓಡುತ್ತದೆ, ಕಾರು ಎಂಟು ಗಂಟೆ. ಪಾರ್ಕಿಂಗ್‌ನಲ್ಲಿ ಮೊದಲೇ ಇದ್ದ ಲೈನು ಡ್ರಿಲ್ಲಿಂಗ್ ಮಷಿನ್, ವ್ಯಾಕ್ಯೂಮ್ ಕ್ಲೀನರ್‌ಗೆ ಅಂತ ಎಳೆದದ್ದು, 2.5 ಸ್ಕ್ವೇರ್ ಎಂಎಂ ವೈರು, ಸಾಕೆಟ್ಟಿನ ಒಳಗೆ ಒಂದು ಸ್ಕ್ರೂ ಸಡಿಲ. ನಮ್ಮ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ತೋರಿಸಿ, "ನೋಡಿ ಸಾರ್, ಇಷ್ಟೇ" ಅಂದರು. ಅಂಥ ಸಡಿಲ ಜಾಗದಲ್ಲಿ 0.1 ಓಮ್ ತಡೆ ಇದ್ದರೂ ಸಾಕು, 14 ಆಂಪ್ಸ್ ಹರಿದರೆ ಸುಮಾರು 20 ವ್ಯಾಟ್ ಬಿಸಿ ಆ ಒಂದೇ ಚುಕ್ಕೆಯಲ್ಲಿ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ರಾತ್ರಿಯಿಡೀ ಆನ್ ಮಾಡಿಟ್ಟ ಹಾಗೆ. ಎಂಸಿಬಿ ಯಾಕೆ ಟ್ರಿಪ್ ಆಗಲಿಲ್ಲ ಅಂದರೆ, ಅದಕ್ಕೆ ಗೊತ್ತಾಗುವುದು ಕರೆಂಟ್ ಜಾಸ್ತಿ ಆದದ್ದು ಮಾತ್ರ. ಇಲ್ಲಿ ಕರೆಂಟ್ ಜಾಸ್ತಿ ಆಗಿರಲೇ ಇಲ್ಲ.

ಈಗ ನನ್ನ ಮೀಟರ್‌ನಿಂದ ನೇರವಾಗಿ ಬೇರೆ ಲೈನ್ ಎಳೆಸಿದ್ದೇನೆ. 6 ಸ್ಕ್ವೇರ್ ಎಂಎಂ ತಾಮ್ರ, 20 ಆಂಪ್ಸ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ಸ್ ಆರ್‌ಸಿಸಿಬಿ, ತಗಡಿನ ಬಾಕ್ಸಿನ ಸಾಕೆಟ್, ಸರಿಯಾದ ಅರ್ಥಿಂಗ್. 7 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕಿಸಬಹುದಿತ್ತು, ಅದಕ್ಕೆ ಬೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸಬೇಕು. ದಿನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಓಡಿಸುವವನಿಗೆ ಅಷ್ಟೆಲ್ಲ ಯಾಕೆ? ಪಾರ್ಕಿಂಗ್ ಜಾಗವನ್ನೂ ಬೇರೆಯವರ ಜೊತೆ ಅದಲುಬದಲು ಮಾಡಿಕೊಂಡು ರ‍್ಯಾಂಪ್ ಪಕ್ಕಕ್ಕೆ ಬಂದೆ. ಅಲ್ಲಿ ಗಾಳಿ ಆಡುತ್ತದೆ, ಹೆಚ್ಚುಕಡಿಮೆ ಆದರೆ ಫೈರ್ ಇಂಜಿನ್ ಪೈಪ್ ಸುಲಭವಾಗಿ ಮುಟ್ಟುತ್ತದೆ.

ಬ್ಯಾಟರಿಗೇ ಬೆಂಕಿ ಬಿದ್ದರೆ ಅದು ಬೇರೆ ಥರ. ಒಂದು ಸೆಲ್ ಅತಿಯಾಗಿ ಕಾದು ಒಳಗೇ ಶಾರ್ಟ್ ಆದರೆ ಆ ಬಿಸಿ ಪಕ್ಕದ ಸೆಲ್‌ಗೆ, ಅಲ್ಲಿಂದ ಅದರ ಪಕ್ಕಕ್ಕೆ, ಹೀಗೆ ಸಾಲಾಗಿ ಹೋಗುತ್ತದೆ. ಮೊದಲು ಬುಸ್ ಅಂತ ಬಿಳಿ ಹೊಗೆ. ಅದು ಹಬೆ ಅಲ್ಲ, ವಿಷಗಾಳಿ, ಜೊತೆಗೆ ಹತ್ತಿಕೊಳ್ಳುವಂಥದ್ದು. ಬ್ಯಾಟರಿ ಪ್ಯಾಕು ಕಾರಿನ ಹೊಟ್ಟೆ ಕೆಳಗೆ ಲೋಹದ ಪೆಟ್ಟಿಗೆಯಲ್ಲಿ ಸೀಲ್ ಆಗಿರುವುದರಿಂದ ಮೇಲಿಂದ ಏನು ಚಿಮುಕಿಸಿದರೂ ಒಳಗೆ ತಲುಪುವುದು ಕಷ್ಟ. "ಇವಿ ಸ್ಪೆಷಲ್" ಅಂತ ಬೆಂಕಿ ಆರಿಸುವ ದುಬಾರಿ ಸಿಲಿಂಡರ್ ಮಾರಲು ಒಬ್ಬರು ಅಪಾರ್ಟ್‌ಮೆಂಟಿಗೇ ಬಂದಿದ್ದರು, ಬೇಡ ಅಂದೆ. ಬೇಕಾಗುವುದು ತುಂಬಾ ನೀರು, ತುಂಬಾ ಹೊತ್ತು, ಅದನ್ನು ಮಾಡುವವರು ಅಗ್ನಿಶಾಮಕದವರು. ನಾವು ಸೆಕ್ಯುರಿಟಿಯವರಿಗೆ ಹೇಳಿಕೊಟ್ಟದ್ದು ಇಷ್ಟು: ದೂರದಿಂದ ಮೇನ್ ಆಫ್ ಮಾಡಿ, ಜನರನ್ನು ಹೊರಗೆ ಕಳಿಸಿ, 101 ಇಲ್ಲವೇ 112ಕ್ಕೆ ಫೋನ್ ಮಾಡಿ, ಕಾರು ಎಲೆಕ್ಟ್ರಿಕ್ ಅಂತ ಮೊದಲೇ ಹೇಳಿ. ಆರಿದ ಮೇಲೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನ ಕಳೆದು ಮತ್ತೆ ಹತ್ತಿಕೊಳ್ಳಬಹುದು, ಆದ್ದರಿಂದ ಆ ಕಾರನ್ನು ಬಯಲಿಗೆ ಎಳೆಸಿ ಒಂಟಿಯಾಗಿ ಬಿಡಬೇಕು.

ಇದೆಲ್ಲ ಎಷ್ಟು ಅಪರೂಪ ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಸ್ವೀಡನ್ ಸರ್ಕಾರಿ ಲೆಕ್ಕದ ಪ್ರಕಾರ 2022ರಲ್ಲಿ ಒಂದು ಲಕ್ಷ ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಿಗೆ ನಾಲ್ಕಕ್ಕಿಂತ ಕಡಿಮೆ ಬೆಂಕಿ, ಎಲ್ಲ ಕಾರು ಸೇರಿಸಿದರೆ ಲಕ್ಷಕ್ಕೆ 68. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಹಳೆಯವು ಜಾಸ್ತಿ ಅನ್ನುವುದೂ ಇದೆ, ಹಾಗಾಗಿ ಆ ಅಂಕಿಯನ್ನು ಮೀಟಿಂಗ್‌ನಲ್ಲಿ ಎದೆ ತಟ್ಟಿಕೊಂಡು ಹೇಳಲಿಲ್ಲ. ನನ್ನ ಭಯ ಇದ್ದದ್ದು ಎರಡನೇ ಮಹಡಿಯ ಹುಡುಗನ ಹಳೇ ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ. ಬ್ಯಾಟರಿ ಬಿಚ್ಚಿ ತಂದು, ಮನೆ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಪಕ್ಕ, ಮೆಟ್ಟಿಲು ದಾರಿಯಲ್ಲೇ ಚಾರ್ಜ್‌ಗೆ ಹಾಕಿ ಮಲಗುತ್ತಿದ್ದ. 2022ರಲ್ಲಿ ಸ್ಕೂಟರ್‌ಗಳಿಗೆ ಸಾಲು ಸಾಲಾಗಿ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾಯಿತು, ಆ ವರ್ಷದ ಡಿಸೆಂಬರ್‌ನಿಂದ ಮೊದಲ ಹಂತ, 2023ರ ಮಾರ್ಚ್ ಕೊನೆಯಿಂದ ಎರಡನೆಯದು. ಇವನದು ಅದಕ್ಕೂ ಹಿಂದಿನದು. "ಅಣ್ಣಾ, ಕೆಳಗಿಟ್ರೆ ಕದ್ಬಿಡ್ತಾರೆ" ಅಂದ. ಅದೂ ನಿಜವೇ. ಕೊನೆಗೆ ಗೇಟಿನ ಹತ್ತಿರ ಬೀಗ ಹಾಕುವ ತಗಡಿನ ಕಪಾಟು ಮಾಡಿಸಿ ಪಾಯಿಂಟ್ ಕೊಟ್ಟೆವು.

ಪರಿಸರದ ಲೆಕ್ಕಕ್ಕೆ ಬರೋಣ, ಕಾರು ತಗೊಂಡದ್ದೇ ಆ ಆಸೆಗೆ. ನನ್ನದು 30 ಯೂನಿಟ್ ಹಿಡಿಸುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಬ್ಯಾಟರಿ ತಯಾರಿಸುವಾಗ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದರೆ, ನಡುವಿನ ಲೆಕ್ಕದಲ್ಲಿ ಕಾರು ಶೋರೂಮಿನಿಂದ ಹೊರಡುವ ಮೊದಲೇ ಎರಡು ಟನ್ನಿಗೂ ಮೇಲೆ ಸಾಲ. ಹಳೇ ಪೆಟ್ರೋಲ್ ಕಾರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಲೀಟರ್‌ಗೆ 14 ಕೊಡುತ್ತಿತ್ತು. ಲೀಟರ್ ಉರಿದರೆ 2.3 ಕೆಜಿ, ಅಂದರೆ ಕಿಲೋಮೀಟರ್‌ಗೆ 165 ಗ್ರಾಂ. ಈಗಿನದು ಗೋಡೆಯಿಂದ ಯೂನಿಟ್‌ಗೆ ಆರೂವರೆ ಕಿಲೋಮೀಟರ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ, ಅಂದರೆ ಕಿಲೋಮೀಟರ್‌ಗೆ 110 ಗ್ರಾಂ. ಉಳಿದದ್ದು ಬರೀ 55. ಸಾಲ ತೀರಲು ನಲವತ್ತು ಸಾವಿರ ಕಿಲೋಮೀಟರಿಗೂ ಮೇಲೆ ಬೇಕು! ಪೆಟ್ರೋಲ್ ತೆಗೆಯುವಾಗ, ಸಂಸ್ಕರಿಸುವಾಗ ಬರುವ ಹೊಗೆಯನ್ನೂ ಸೇರಿಸಿದರೆ ಬೇಗ ತೀರುತ್ತದೆ, ಆದರೂ ಸೊನ್ನೆ ಹೊಗೆ ಅಂತ ಹಸಿರು ಸ್ಟಿಕರ್ ಅಂಟಿಸಿಕೊಳ್ಳುವಷ್ಟೇನೂ ಇಲ್ಲ. ತಮಾಷೆ ಅಂದರೆ, ನಾನು ಮೆಟ್ರೋ ಹತ್ತಿದಷ್ಟೂ ಈ ಸಾಲ ತೀರುವುದು ತಡ. ಮಾರಿದ ಹಳೇ ಕಾರೂ ಹಾಸನದಲ್ಲಿ ಆರಾಮಾಗಿ ಹೊಗೆ ಬಿಡುತ್ತಾ ಓಡಾಡಿಕೊಂಡಿದೆ.

ಎಲ್‌ಎಫ್‌ಪಿ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಅದರಲ್ಲಿ ಕಾಂಗೋದ ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ. ಅದೇ ಕಾರಣಕ್ಕೆ ಗುಜರಿಗೆ ಹೋದಾಗ ಅದರಿಂದ ಹೆರೆದು ತೆಗೆಯುವಂಥ ಬೆಲೆಬಾಳುವ ಸರಕೂ ಕಡಿಮೆ, ಮರುಬಳಕೆ ಮಾಡುವವರಿಗೆ ಲಾಭ ಕಡಿಮೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಯ ಜವಾಬ್ದಾರಿ ತಯಾರಕರದ್ದು. ಬಿಲ್ಲು, ಸೀರಿಯಲ್ ನಂಬರು ಎತ್ತಿಟ್ಟುಕೊಂಡಿದ್ದೇನೆ.

ನಾನು ಬದಲಿಸಿದ್ದು ಚಾರ್ಜ್ ಮಾಡುವ ಹೊತ್ತನ್ನು. ಮೊದಲು ರಾತ್ರಿ ಹಾಕಿ ಬೆಳಗ್ಗೆ ತೆಗೆಯುತ್ತಿದ್ದೆ, ಎಲ್ಲರ ಹಾಗೆ. ಆಗ ಪಾವಗಡದ ಸೋಲಾರ್ ಪಾರ್ಕ್ ಮಲಗಿರುತ್ತದೆ. ಶರಾವತಿಯ ನೀರು, ಗಾಳಿ ವಿದ್ಯುತ್ ಇದ್ದರೂ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ ಹೊರೆ ಜಾಸ್ತಿ. ಕಟ್ಟಡದಲ್ಲಿ ನಾವೂ ಮಲಗಿರುತ್ತೇವೆ, ಸುಟ್ಟ ವಾಸನೆ ಮೂಗಿಗೆ ಬಡಿಯಲು ಯಾರೂ ಎದ್ದಿರುವುದಿಲ್ಲ. ವಾರದಲ್ಲಿ ಎರಡು ದಿನ ನನಗೆ ಮನೆಯಿಂದಲೇ ಕೆಲಸ. ಆ ದಿನ ಮತ್ತು ಭಾನುವಾರ ಬೆಳಗ್ಗೆ ಹತ್ತಕ್ಕೆ ಹಾಕಿದರೆ ಮೂರರೊಳಗೆ ಮೂವತ್ತರಿಂದ ಎಂಬತ್ತು ಪರ್ಸೆಂಟ್ ಆಗುತ್ತದೆ, ನನಗೆ ಅಷ್ಟು ಧಾರಾಳ. ಅಂಕಲ್‌ಗೂ ಇದು ಒಪ್ಪಿಗೆಯಾಯಿತು, "ರಾತ್ರಿ ಇಲ್ಲ ಅಂದ್ರೆ ಸರಿ ಬಿಡಪ್ಪಾ" ಅಂದರು. ದಿನಾ ಆಫೀಸಿಗೆ ಹೋಗುವವರಿಗೆ ಈ ಉಪಾಯ ನಡೆಯಲ್ಲ ಅನ್ನುವುದು ಗೊತ್ತು. ಕಟ್ಟಡದಲ್ಲಿ ಈಗ ಇನ್ನೊಂದು ಎಲೆಕ್ಟ್ರಿಕ್ ಕಾರು ಬಂದಿದೆ, ಅವರು ರಾತ್ರಿಯೇ ಹಾಕಬೇಕು, ಅದರ ಚರ್ಚೆ ಇನ್ನೂ ಮುಗಿದಿಲ್ಲ.

ತಿಂಗಳಿಗೊಮ್ಮೆ, ಚಾರ್ಜ್‌ಗೆ ಹಾಕಿ ಒಂದು ಗಂಟೆ ಆದ ಮೇಲೆ ಕೆಳಗಿಳಿದು ಪ್ಲಗ್ಗಿನ ಹೊರಮೈಯನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡುತ್ತೇನೆ. ಬಿಸಿ ತಡೆಯಲಾಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್. ಕಳೆದ ಭಾನುವಾರ ಉಗುರು ಬೆಚ್ಚಗಿತ್ತು.