ಕ್ಯಾಲಿಫೋರ್ನಿಯಾದ ಹಿತ್ತಲಲ್ಲಿ ಇನ್ನೊಂದು ಮನೆ: ಎಡಿಯು, ಎಸ್‌ಬಿ 9 ಲೆಕ್ಕ

ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಕಡೆ ಮನೆ ಕೊಂಡವರು ದಾಖಲೆಯಲ್ಲಿ ‘ಆರ್-1’ (ಒಂಟಿ ಮನೆಗಳ ವಲಯ) ಕಂಡ ಕೂಡಲೇ ಒಂದು ಸೈಟಿಗೆ ಒಂದೇ ಮನೆ ಅಂದುಕೊಳ್ಳುತ್ತಾರೆ. ಆ ಕಾಲ ಹೋಯಿತು. 2020ರಿಂದ ಬಲಗೊಂಡ ಎಡಿಯು (ಆಕ್ಸೆಸರಿ ಡ್ವೆಲ್ಲಿಂಗ್ ಯೂನಿಟ್, ಅಂದರೆ ಅದೇ ಸೈಟಿನಲ್ಲಿ ಇನ್ನೊಂದು ಚಿಕ್ಕ ಮನೆ) ಕಾನೂನು, 2022ರ ಜನವರಿ 1ರಂದು ಜಾರಿಗೆ ಬಂದ, ಸೈಟು ಒಡೆಯಲೂ ಬಿಡುವ ಎಸ್‌ಬಿ 9 (ಸೆನೆಟ್ ಬಿಲ್ 9), ಎರಡೂ ರಾಜ್ಯ ಸರ್ಕಾರದವು. ನಿಯಮಕ್ಕೆ ಹೊಂದುವ ನಕ್ಷೆಗೆ ಸಾರ್ವಜನಿಕ ವಿಚಾರಣೆ ಇಲ್ಲ, ಪಕ್ಕದ ಮನೆಯವರ ತಕರಾರು ನಡೆಯುವುದಿಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನದೊಳಗೆ ನಗರ ತೀರ್ಮಾನ ಹೇಳಬೇಕು. ಆದರೆ ಸರ್ವೆ ಇಲ್ಲ, ಇಂಧನ ಲೆಕ್ಕದ ವರದಿ ಇಲ್ಲ ಎಂದು ಅರ್ಜಿ ಅರ್ಧಕ್ಕೇ ನಿಂತರೆ ಆ ಗಡುವು ಶುರುವಾಗುವುದೇ ಇಲ್ಲ.

ಅಪ್ಪ-ಅಮ್ಮ ಬಂದಾಗ ಇರಲಿಕ್ಕೆ, ಉಳಿದಂತೆ ಬಾಡಿಗೆಗೆ ಎನ್ನುವವರಿಗೆ ಎಡಿಯು ಸಾಕು. 800 ಚದರಡಿ, 16 ಅಡಿ ಎತ್ತರ, ಪಕ್ಕಕ್ಕೂ ಹಿಂದಕ್ಕೂ 4 ಅಡಿ ಸೆಟ್‌ಬ್ಯಾಕ್ (ಬೇಲಿಯಿಂದ ಬಿಡುವ ಜಾಗ): ಇಷ್ಟರೊಳಗಿದ್ದರೆ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಕಟ್ಟಬಹುದೆಂಬ ಮಿತಿ) ನೆಪ ಹೇಳಿ ನಗರ ತಡೆಯುವಂತಿಲ್ಲ. 750 ಚದರಡಿಗಿಂತ ಚಿಕ್ಕದಕ್ಕೆ ಇಂಪ್ಯಾಕ್ಟ್ ಫೀ (ಹೊಸ ಕಟ್ಟಡದಿಂದ ಊರಿನ ಸೌಕರ್ಯಗಳ ಮೇಲೆ ಬೀಳುವ ಹೊರೆಗೆ ಕಟ್ಟುವ ಶುಲ್ಕ) ಇಲ್ಲ. ಹಾಗಾಗಿಯೇ ಎಷ್ಟೋ ನಕ್ಷೆಗಳು 749ಕ್ಕೆ ನಿಲ್ಲುತ್ತವೆ. ಶಾಲಾ ಜಿಲ್ಲೆಯ ಶುಲ್ಕ ಬೇರೆ, ಅದು 500 ಚದರಡಿಯಿಂದಲೇ ಬೀಳುತ್ತದೆ. ಗ್ಯಾರೇಜನ್ನೇ ಮನೆ ಮಾಡಿಕೊಂಡರೆ ಹೋದ ಪಾರ್ಕಿಂಗಿಗೆ ಬದಲಿ ಜಾಗ ತೋರಿಸಬೇಕಿಲ್ಲ.

ಕೆಲಸ ಕೆಡುವುದು ಝೋನಿಂಗಿನಿಂದಲ್ಲ, ನೆಲದಡಿಯ ಸಂಗತಿಗಳಿಂದ. ಹಿಂಬದಿ ಬೇಲಿಯುದ್ದಕ್ಕೂ ವಿದ್ಯುತ್, ಚರಂಡಿ ಸಂಸ್ಥೆಗಳ ಈಸ್‌ಮೆಂಟ್ (ನಿಮ್ಮ ಜಾಗ ಬಳಸುವ ಹಕ್ಕು) ಇದ್ದರೆ 4 ಅಡಿ ಬಿಟ್ಟರೂ ಪ್ರಯೋಜನವಿಲ್ಲ, ಅದರ ಮೇಲೆ ತಳಪಾಯ ಹಾಕುವಂತಿಲ್ಲ. ಆರ್ಕಿಟೆಕ್ಟಿಗೆ ಮುಂಗಡ ಕೊಡುವ ಮುನ್ನ ಟೈಟಲ್ ರಿಪೋರ್ಟ್ (ಆಸ್ತಿಯ ಮೇಲಿನ ಹಕ್ಕುಗಳ ವರದಿ) ತೆರೆದು ನೋಡಿ. ಹಳೆ ಮನೆಗಳ 100 ಆಂಪ್ ಪ್ಯಾನೆಲ್ ಇನ್ನೊಂದು ಅಡುಗೆಮನೆ, ಹೀಟ್ ಪಂಪಿನ (ಮನೆ ಬೆಚ್ಚಗೆ, ತಂಪಗೆ ಇಡುವ ಯಂತ್ರ) ಹೊರೆ ತಾಳುವುದು ಕಷ್ಟ. 200ಕ್ಕೆ ಏರಿಸಲು ವಿದ್ಯುತ್ ಕಂಪನಿ ತಿಂಗಳುಗಟ್ಟಲೆ ತೆಗೆದುಕೊಳ್ಳುವುದುಂಟು. ಬಿಡಿಯಾಗಿ ನಿಲ್ಲುವ ಹೊಸ ಎಡಿಯುವಿಗೆ ಸಾಮಾನ್ಯವಾಗಿ ಸೋಲಾರ್ ಕಡ್ಡಾಯ. ಅದನ್ನು ಬಿಟ್ಟು ಕೊಟೇಶನ್ ಕೊಡುವ ಕಂಟ್ರಾಕ್ಟರ್ ಅಗ್ಗವಾಗಿ ಕಾಣುತ್ತಾನೆ, ಅಷ್ಟೆ.

ಎಸ್‌ಬಿ 9 ಸೈಟನ್ನೇ ಎರಡು ಮಾಡಲು ಬಿಡುತ್ತದೆ. ಪ್ರತಿ ಭಾಗ ಕನಿಷ್ಠ 1,200 ಚದರಡಿ, ಅಂದರೆ ನಮ್ಮ ಬೆಂಗಳೂರಿನ 30-40 ಸೈಟು! ಜೊತೆಗೆ ಚಿಕ್ಕ ಭಾಗ ಮೂಲ ಸೈಟಿನ ಶೇ. 40ಕ್ಕಿಂತ ಕಡಿಮೆ ಇರಬಾರದು. ಹಾಗಾಗಿ 6,000 ಚದರಡಿಯಲ್ಲಿ ಮೂಲೆಯ 1,200 ಕತ್ತರಿಸಿ ಮಾರಲಾಗದು, 2,400 ಆದರೂ ಬೇಕು. ಒಡೆಯುವವರು ಅಲ್ಲೇ ಒಂದು ಮನೆಯಲ್ಲಿ 3 ವರ್ಷ ವಾಸಿಸುವ ಉದ್ದೇಶವಿದೆ ಎಂದು ಅಫಿಡವಿಟ್ ಕೊಡಬೇಕು. ಕೆಲಸ ಬದಲಾಗಿ ಊರು ಬಿಡುವ ಅಂದಾಜಿದ್ದರೆ ಈ ದಾರಿ ಬೇಡ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇನ್ನೊಂದು ತೊಡಕು ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ): ಒಂಟಿ ಮನೆಯ ಸೈಟಿನಲ್ಲಿ ಎಡಿಯು ಬೇಡವೆನ್ನಲು ಅದಕ್ಕೆ ಅಧಿಕಾರವಿಲ್ಲ, ಎಸ್‌ಬಿ 9ಕ್ಕೆ ಆ ರಕ್ಷಣೆ ಇಲ್ಲ.

ಮೊದಲು ಕಟ್ಟೋಣ, ಆಮೇಲೆ ಅಕ್ರಮ-ಸಕ್ರಮ ನೋಡೋಣ ಎನ್ನುವ ರೂಢಿ ಇಲ್ಲಿಗೆ ತರಬೇಡಿ. ತಳಪಾಯ, ಚೌಕಟ್ಟು, ವೈರಿಂಗ್, ಕೊಳಾಯಿ ಎಲ್ಲಕ್ಕೂ ತಪಾಸಣೆ ಇದೆ; ಅದಾಗುವ ಮೊದಲೇ ಡ್ರೈವಾಲ್ (ಗೋಡೆಯ ಒಳಹಲಗೆ) ಹೊಡೆದರೆ ಕಿತ್ತು ತೋರಿಸಬೇಕಾಗುತ್ತದೆ. ನೀವು ಕೊಂಡ ಮನೆಯ ಹಿತ್ತಲಲ್ಲಿ ಹಿಂದಿನವರು 2020ಕ್ಕೆ ಮುಂಚೆ ಪರ್ಮಿಟ್ ಇಲ್ಲದೆ ಕಟ್ಟಿದ ಎಡಿಯು ಇದ್ದರೆ ಮಾತ್ರ ದಾರಿಯಿದೆ. 2025ರಿಂದ ಜಾರಿಯಲ್ಲಿರುವ ಎಬಿ 2533 ಎಂಬ ರಾಜ್ಯ ಕಾನೂನಿನ ಪ್ರಕಾರ, ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯವಿಲ್ಲದಿದ್ದರೆ ನಗರ ಅದಕ್ಕೆ ಪರ್ಮಿಟ್ ನಿರಾಕರಿಸುವಂತಿಲ್ಲ.